ಮೂಲೆಯಲ್ಲಿ ಸಿಕ್ಕ ಮುಖ

ಭಾತಂಬ್ರಾದ ಕಾಶೀರಾಮ ಮಗಳ ಮದುವೆಯ ಆಲ್ಬಮ್ ತಂದು ಮಚ್ಛೇಂದ್ರನ ಮೇಜಿನ ಮೇಲೆ ಇಟ್ಟ. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. ನಡುವಿನ ಎರಡು ಪುಟ ಅಗಲಿಸಿ ತೋರಿಸಿ, "ನಮ್ಮ ಹುಡುಗಿ ಒಬ್ಬಾಕಿನೇ ಇದ್ದಾಳ್ರಿ. ನೀವು ಇಬ್ಬರನ್ನ ಮಾಡಿಟ್ಟೀರಿ," ಎಂದ.

ಮಚ್ಛೇಂದ್ರ ಕನ್ನಡಕ ಮೇಲೇರಿಸಿಕೊಂಡು ನೋಡಿದ. ನೋಡುವುದೇನಿತ್ತು, ಅವನಿಗೆ ಮೊದಲೇ ಗೊತ್ತಿತ್ತು. ಎಡಪುಟದ ಮದುಮಗಳು ಕೆಂಪಗೆ, ಕಳೆಕಳೆಯಾಗಿದ್ದಳು. ಬಲಪುಟದಲ್ಲೂ ಅದೇ ಸೀರೆ, ಅದೇ ನತ್ತು. ಮೈಬಣ್ಣ ಮಾತ್ರ ಹಳದಿಯತ್ತ ವಾಲಿ, ಜ್ವರ ಬಿಟ್ಟು ಎದ್ದು ಬಂದವಳ ಹಾಗಿದ್ದಳು. ಎಡಗಡೆಯದು ಜೊತೆಗೆ ಕೆಲಸ ಮಾಡುವ ಬೀದರಿನ ವಸಂತ ತೆಗೆದದ್ದು, ಬಲಗಡೆಯದು ಇವನದು. ಇಬ್ಬರ ಕ್ಯಾಮೆರಾ ಬೇರೆ, ಕಂಪನಿ ಬೇರೆ, ಲೆನ್ಸ್ ಬೇರೆ. ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ಬಣ್ಣ ಹೊಂದಿಸಿದರೂ ಪುಟಗಳು ಎದುರುಬದುರಾದ ಕೂಡಲೇ ಗುಟ್ಟು ಬಿಟ್ಟುಕೊಟ್ಟಿದ್ದವು.

"ಮತ್ತ ಮಾಡಿಸಿಕೊಡ್ತೇನಿ ಕಾಶೀರಾಮ," ಎಂದ ಮಚ್ಛೇಂದ್ರ.

"ಜಲ್ದಿ ಮಾಡ್ರಿ. ನಾವು ಐತವಾರ ಪುಣೆಕ್ಕ ಹೊಂಟೇವಿ. ಮನಿಗೆ ಕೀಲಿ ಹಾಕೋದದ."

ಅದು ಎರಡು ಸಾವಿರದ ಹದಿನಾರರ ಬೇಸಿಗೆ. ಎರಡು ಮುಂಗಾರು ಸಾಲಾಗಿ ಕೈಕೊಟ್ಟಿದ್ದವು. ಹಲಬರ್ಗಾದಂಥ ದೊಡ್ಡ ಊರಿನಲ್ಲೂ ಮಧ್ಯಾಹ್ನ ಓಣಿ ಹಿಡಿದು ನಡೆದರೆ ಎರಡು ಮನೆಗೊಂದು ಕೀಲಿ ಕಾಣುತ್ತಿತ್ತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ಕೆಲವರು ಮುಂಬಯಿಗೆ. ಮದುವೆಗಳು ನಿಂತಿರಲಿಲ್ಲ. ಆದರೆ ಮೂರು ದಿನ ನಡೆಯುತ್ತಿದ್ದದ್ದು ಒಂದು ಮುಂಜಾನೆಗೆ ಮುಗಿಯುತ್ತಿತ್ತು. ಬಂದವರು ಊಟದ ಕೈ ಒರೆಸಿಕೊಂಡು ಸಂಜೆಯ ಬಸ್ಸಿಗೇ ಹತ್ತುತ್ತಿದ್ದರು. ಭಾಲ್ಕಿಯ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಇಪ್ಪತ್ತಾರು ವರ್ಷದಿಂದ ಸ್ಟುಡಿಯೋ ನಡೆಸಿಕೊಂಡು ಬಂದ ಮಚ್ಛೇಂದ್ರನಿಗೆ ಒಬ್ಬನೇ ಅಂಗಡಿ ತೆಗೆದು ಕೂರುವುದು ಬೇಸರವಾಗಿತ್ತು. ಬೀದರಿನ ವಸಂತನಿಗೂ ಅದೇ ಕಥೆ. ಹೀಗಾಗಿ ಒಂದು ವರ್ಷದಿಂದ ಇಬ್ಬರೂ ಕೂಡಿ ಮದುವೆ ಹಿಡಿಯುತ್ತಿದ್ದರು. ವಸಂತ ಇವನಿಗಿಂತ ಎಂಟು ವರ್ಷಕ್ಕೆ ಸಣ್ಣವ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಸಿಕ್ಕರೆ ಹಿಂದಿ. ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ.

ಆಲ್ಬಮ್ಮಿನ ಸುದ್ದಿ ಕೇಳಿ ವಸಂತ ಫೋನಿನಲ್ಲಿ ಹೇಳಿದ: "ಅಣ್ಣಾ, ಹಿಂಗ ನಡೆಯಂಗಿಲ್ರಿ. ಒಂದ ಅಂಗಡಿ, ಒಂದ ಹೆಸರು, ಒಂದ ಕಂಪನಿ ಕ್ಯಾಮೆರಾ. ನಿಮ್ದ ಇಡೋದೋ ನಮ್ದ ಇಡೋದೋ, ಎದುರಿಗೆ ಇಟ್ಟು ನೋಡಿಬಿಡೋಣು. ನಿಮ್ಮ ದೊಡ್ಡ ಲೆನ್ಸ್ ತಗೊಂಡು ಬರ್ರಿ."

ದೊಡ್ಡ ಲೆನ್ಸ್ ಎಂದರೆ ಎಪ್ಪತ್ತು-ಇನ್ನೂರು ಮಿಲಿಮೀಟರಿನ ಜೂಮ್. ಮದುವೆಯ ಫೋಟೋಗ್ರಾಫರಿಗೆ ಅದೇ ಬಲಗೈ. ಮಂಟಪದ ಹೊರಗೆ ನಿಂತೇ ಮದುಮಗಳ ರೆಪ್ಪೆಯ ಮೇಲಿನ ಅಕ್ಕಿಕಾಳು ಹಿಡಿಯಬಹುದು. ಯಾರಿಗೂ ಅಡ್ಡ ಬರುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ವಸಂತನದು ಬಿಳಿ ಬಣ್ಣದ್ದು, ಮಚ್ಛೇಂದ್ರನದು ಕರಿಯದು. ಕ್ಯಾಮೆರಾ ಸೇರಿದರೆ ಎರಡೂವರೆ ಕಿಲೋ ಭಾರ. ಐವತ್ತೆರಡು ದಾಟಿದ ಮಚ್ಛೇಂದ್ರನ ಬಲ ಹೆಗಲು ಎರಡು ವರ್ಷದಿಂದ ರಾತ್ರಿ ಆ ಕಡೆ ಮಗ್ಗುಲಾಗಲು ಬಿಡುತ್ತಿರಲಿಲ್ಲ. ಆದರೂ ಆ ಲೆನ್ಸ್ ಎಂದರೆ ಅವನಿಗೆ ಜೀವ. ಅದನ್ನು ಹೆಂಡತಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಬೀದರಿಗೆ ಹೊರಟ.

ವಸಂತನ ಸ್ಟುಡಿಯೋ ಉಸ್ಮಾನಗಂಜಿನ ಹಿಂದಿನ ಗಲ್ಲಿಯಲ್ಲಿ, ಮೂರನೇ ಅಂತಸ್ತಿನಲ್ಲಿ. ಮೇಲೆ ಮಾಳಿಗೆ. ನಾಲ್ಕು ಗಂಟೆಗೂ ಮಾಳಿಗೆಯ ಗಚ್ಚು ಚಪ್ಪಲಿಯೊಳಗಿಂದ ಸುಡುತ್ತಿತ್ತು. ವಸಂತ ಸ್ಟ್ಯಾಂಡ್ ಹೂಡಿ, ನೆರಳಿಗೆಂದು ಒಂದು ಛತ್ರಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಖಾನೆ ಮಾಡಿಟ್ಟಿದ್ದ: ಭಾರ, ಫೋಕಸ್ಸಿನ ಜಲ್ದಿ, ನಡುಭಾಗ, ಮೂಲೆ, ಮೈಬಣ್ಣ, ಬೆಳಕಿಗೆ ಎದುರಾದಾಗ.

"ಪರೀಕ್ಷೆ ಪೇಪರ್ ಮಾಡೀರೇನ್ರಿ," ಎಂದ ಮಚ್ಛೇಂದ್ರ.

"ಆಮ್ಯಾಲ ನನ್ನ ಮ್ಯಾಲ ಮಾತು ಬರಬಾರದು ನೋಡ್ರಿ, ಅದಕ್ಕ."

ಮೊದಲು ಎದುರಿನ ಕಿರಾಣಿ ಅಂಗಡಿಯ ಬೋರ್ಡು. ಆಮೇಲೆ ಬೇವಿನಮರ. ಬಳಿಕ ವಸಂತ ಛತ್ರಿಯ ನೆರಳಲ್ಲಿ ತಾನೇ ನಿಂತು ಮುಖ ತೋರಿಸಿದ. ಮಚ್ಛೇಂದ್ರ ಎರಡರಿಂದಲೂ ತೆಗೆದ. ಬಿಳಿ ಲೆನ್ಸು ಕೈಯಲ್ಲಿ ಹಿಡಿದಾಗ ಅವನಿಗೆ ಇರುಸುಮುರುಸಾಯಿತು. ಅದರ ಉಂಗುರ ತಿರುಗುವ ದಿಕ್ಕೇ ಬೇರೆ. ಹತ್ತಿರ ತರಬೇಕೆಂದು ತಿರುಗಿಸಿದರೆ ಎಲ್ಲ ದೂರ ಓಡುತ್ತಿತ್ತು.

"ಮತ್ತೊಬ್ಬರ ಮನಿ ಬಾಗ್ಲ ತೆಗದ್ಹಾಂಗ ಆಗ್ತದ," ಎಂದ. ವಸಂತ ನಕ್ಕ.

ಕೊನೆಗೆ ಮೂಲೆಯ ಪರೀಕ್ಷೆ. ಚಿತ್ರದ ನಡುವೆ ಎಲ್ಲ ಲೆನ್ಸೂ ಚೆಂದ ಕಾಣುತ್ತದೆ, ಗುಣ ಗೊತ್ತಾಗುವುದು ಮೂಲೆಯಲ್ಲಿ ಎಂದು ವಸಂತನ ವಾದ. ಗಲ್ಲಿಯ ಆಚೆ, ಕೆಳಗಿನ ಬಯಲಿನಲ್ಲಿ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಕೊಡಗಳು ಉದ್ದಕ್ಕೆ ಹಾವಿನ ಹಾಗೆ, ಕೊಡಗಳ ಪಕ್ಕ ಹೆಂಗಸರು. ಟ್ಯಾಂಕರಿನ ಹಿಂದೆ ಬರೆದ ನಂಬರಿಗೆ ಫೋಕಸ್ ಕೊಟ್ಟು, ಮೊದಲು ಬಿಳಿಯದರಿಂದ, ಐದು ನಿಮಿಷ ಬಿಟ್ಟು ಕರಿಯದರಿಂದ ತೆಗೆದರು. ಟ್ಯಾಂಕರಿನವನಿಗೂ ಯಾರಿಗೋ ಜಗಳ ಹತ್ತಿದ್ದರಿಂದ ಸಾಲು ಕದಲಿರಲಿಲ್ಲ. ಮಚ್ಛೇಂದ್ರ ನೋಡಿದ್ದು ನಂಬರನ್ನು ಮಾತ್ರ. ಜನರನ್ನು ನೋಡಲಿಲ್ಲ.

ಕೆಳಗೆ ಬಂದು, ಫ್ಯಾನ್ ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂತರು. ವಸಂತ ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೆರೆದ. ಬೋರ್ಡಿನ ಅಕ್ಷರ ಸಮಸಮ. ಬೇವಿನ ಎಲೆ ಸಮಸಮ. ವಸಂತನ ಮುಖ ಬಿಳಿಯದರಲ್ಲಿ ತುಸು ಚೆಂದ, ಇದ್ದದ್ದಕ್ಕಿಂತ ಚೆಂದ.

"ಈಗ ಮೂಲಿ," ಎಂದು ವಸಂತ ಎಡಗಡೆಯ ಕೆಳಮೂಲೆಯನ್ನು ದೊಡ್ಡದು ಮಾಡಿದ.

ಬಿಳಿ ಲೆನ್ಸಿನ ಚಿತ್ರದಲ್ಲಿ ಆ ಮೂಲೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದಳು. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ, ಒಂದು ಕೈ ನಡುವಿಗೆ ಊರಿ, ಇನ್ನೊಂದರಲ್ಲಿ ಖಾಲಿ ಕೊಡ. ಮುಖ ಅರ್ಧ ಮರೆ, ಅಂಚು ಸ್ವಲ್ಪ ಕಲಸಿದ ಹಾಗೆ. ಆ ನಿಲುವು ಮಚ್ಛೇಂದ್ರನಿಗೆ ಎಲ್ಲೋ ಕಂಡದ್ದೆನಿಸಿತು. ಎಲ್ಲ ಮುದುಕಿಯರೂ ಹೀಗೇ ನಿಲ್ಲುತ್ತಾರೆ ಎಂದುಕೊಂಡ.

"ಇದು ನಮ್ದು. ಜರಾ ಮೆತ್ತಗಾಗ್ಯದ, ಒಪ್ಪಿದೆ. ಈಗ ನಿಮ್ದು ನೋಡ್ರಿ."

ಕರಿ ಲೆನ್ಸಿನ ಚಿತ್ರದಲ್ಲಿ ಅದೇ ಹೆಂಗಸು ಇತ್ತ ಹೊರಳಿದ್ದಳು. ಸೆರಗು ಹಲ್ಲಿನಿಂದ ಜಾರಿತ್ತು. ಹಣೆಯ ಗೆರೆ, ಮೂಗಿನ ಪಕ್ಕದ ಗಂಟು, ಕುತ್ತಿಗೆಯ ಕರಿಮಣಿ ಇಲ್ಲದ ಬರಿ ಚರ್ಮ, ಎಲ್ಲ ಇದ್ದದ್ದು ಇದ್ದ ಹಾಗೆ.

ಅದು ಕೌಸಲ್ಯಾಬಾಯಿ. ಮಚ್ಛೇಂದ್ರನ ಅಕ್ಕ. ಪುಣೆಯಲ್ಲಿ ಮಗನ ಮನೆಯಲ್ಲಿ ಇದ್ದಾಳೆಂದು ಮೂರು ತಿಂಗಳಿಂದ ಅವನು ನಂಬಿಕೊಂಡಿದ್ದ ಅಕ್ಕ.

"ಏನ ತಾಕತ್ತರಿ ಇದರದು!" ವಸಂತ ಇನ್ನೂ ದೊಡ್ಡದು ಮಾಡಿದ. ಪರದೆ ತುಂಬ ಒಂದು ಕಣ್ಣು, ಕಣ್ಣಿನ ಕೆಳಗಿನ ಜೋತ ಚೀಲ. "ಮುದುಕಿ ಮುಖದಾಗಿನ ಸುಕ್ಕು ಒಂದೊಂದ ಎಣಿಸಬಹುದು ನೋಡ್ರಿ. ಇಲ್ಲಿ, ಈ ತುಟಿ ಹತ್ರ... ನಮ್ದರಾಗ ಬರಂಗಿಲ್ಲ. ಮೂಲ್ಯಾಗ ನೀವು ಗೆದ್ರಿ ಅಣ್ಣಾ."

ಮಚ್ಛೇಂದ್ರ ಕುರ್ಚಿ ಹಿಂದೆ ಸರಿಸಿ ಎದ್ದ. ಹೆಗಲು ನೋಯುತ್ತಿದೆ, ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಹೇಳಿ, ಲೆನ್ಸನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದ.

ಬಯಲಿಗೆ ಬರುವಷ್ಟರಲ್ಲಿ ಟ್ಯಾಂಕರ್ ಹೋಗಿಬಿಟ್ಟಿತ್ತು. ಒದ್ದೆ ನೆಲದ ಮೇಲೆ ಚಕ್ರದ ಗುರುತು, ಒಂದು ನಾಯಿ ಕೆಸರು ನೆಕ್ಕುತ್ತಿತ್ತು. ಅಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದ.

"ಹಾಂ ತಮ್ಮಾ. ಐತವಾರ ಅಲ್ಲದ್ದ ದಿನ ಹಚ್ಚಿದಿ?"

"ಸುಮ್ನ ಹಚ್ಚಿದೆ ಅಕ್ಕಾ. ಎಲ್ಲಿದ್ದಿ?"

"ಎಲ್ಲಿರ್ತೇನಿ? ಪುಣೆದಾಗ. ಅರಾಮ ಇದ್ದೀನಿ." ಹಿಂದೆ ಮಕ್ಕಳ ಗಲಾಟೆ, ತಟ್ಟೆಗಳ ಸಪ್ಪಳ.

"ಅಷ್ಟ ಹುಡುಗರ ದನಿ ಎಲ್ಲಿಂದು?"

"ಚಾಳದಾಗ ಹುಡುಗರಿಗೇನು ಕಮ್ಮಿ? ನೀರ ಬಂದಾವ, ಇಡ್ತೇನಿ."

ಇಟ್ಟಳು. ಮಚ್ಛೇಂದ್ರ ಬಯಲಿನ ಸುತ್ತಲ ಮನೆಗಳನ್ನು ಒಂದೊಂದಾಗಿ ನೋಡಿದ. ಯಾವ ಬಾಗಿಲು ಬಡಿಯುವುದು, ಏನೆಂದು ಕೇಳುವುದು? ಬಸ್‌ಸ್ಟ್ಯಾಂಡಿಗೆ ನಡೆದ.

ತಾಯಿ ಸತ್ತಾಗ ಮಚ್ಛೇಂದ್ರನಿಗೆ ನಾಲ್ಕು ವರ್ಷ, ಕೌಸಲ್ಯಾಗೆ ಹದಿನಾಲ್ಕು. ಅವಳು ಮದುವೆಯಾಗಿ ಔರಾದ ತಾಲೂಕಿನ ಚಿಂತಾಕಿಗೆ ಹೋದಾಗ ಇವನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋಗಿದ್ದಳು ಎಂದು ಊರವರು ಹಾಸ್ಯ ಮಾಡುತ್ತಿದ್ದರು. ಔರಾದದ ಹೈಸ್ಕೂಲಿಗೆ ಅವನು ಹೋದದ್ದು ಅವಳ ಮನೆಯಿಂದ, ಅವಳು ಕಟ್ಟಿಕೊಟ್ಟ ರೊಟ್ಟಿ ತಿಂದು. ಗಂಡ ತೀರಿ ಹೋಗಿ ಆರು ವರ್ಷವಾಗಿತ್ತು. ಜನವರಿಯಲ್ಲಿ ಚಿಂತಾಕಿಯ ಬಾವಿ ತಳ ಕಂಡ ಮೇಲೆ ಮಗ ಮಾಣಿಕ ಬಂದು ತಾಯಿಯನ್ನು ಪುಣೆಗೆ ಕರೆದೊಯ್ದಿದ್ದ. ಭಾಲ್ಕಿಗೆ ಬಾ, ನಮ್ಮ ಮನೆಯಲ್ಲಿರು ಎಂದು ಮಚ್ಛೇಂದ್ರ ಎಷ್ಟು ಹೇಳಿದರೂ, ಮೊದಲು ಮಗನ ಮನೆ ನೋಡಿ ಬರ್ತೀನಿ ಎಂದಿದ್ದಳು.

ಬಸ್ಸು ಬೀದರ ದಾಟುತ್ತಿದ್ದ ಹಾಗೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಜಿಲ್ಲೆಯ ಫೋಟೋಗ್ರಾಫರುಗಳದೊಂದು ವಾಟ್ಸಾಪ್ ಗುಂಪಿತ್ತು, ಅರವತ್ತು ಜನರದು. ವಸಂತ ಅದರಲ್ಲಿ ಅಕ್ಕನ ಎರಡು ಮುಖಗಳನ್ನು ಅಕ್ಕಪಕ್ಕ ಹಾಕಿದ್ದ, ಎಡಕ್ಕೆ ಬಿಳಿ ಲೆನ್ಸಿನದು, ಬಲಕ್ಕೆ ಕರಿಯದರದು. ಕೆಳಗೆ ಬರೆದಿದ್ದ: 'ಎರಡು ಲೆನ್ಸ್, ಒಂದೇ ಮೂಲೆ. ಯಾವುದು ಉತ್ತಮ? ಎಡವೋ ಬಲವೋ?'

ಉತ್ತರಗಳು ಒಂದರ ಹಿಂದೊಂದು ಬಂದವು. ಬಲ. ಬಲ. ಖಂಡಿತ ಬಲ. ಬಲದ್ದು ಜಬರ್ದಸ್ತ್. ಯಾರೋ ಒಬ್ಬ, 'ಅಜ್ಜಿಗೆ ಕಳಿಸಬೇಡಿ, ಬಲದ್ದು ನೋಡಿದರೆ ಗಾಬರಿ ಆಗ್ತಾಳ' ಎಂದು ಬರೆದು ನಗುವ ಗೊಂಬೆ ಹಾಕಿದ್ದ. ಅದಕ್ಕೆ ಹನ್ನೊಂದು ಜನ ನಕ್ಕಿದ್ದರು.

ಮಚ್ಛೇಂದ್ರ ಫೋನು ಆರಿಸಿ ಜೇಬಿಗೆ ಹಾಕಿದ. ಕಿಟಕಿಯಾಚೆ ಹೊಲಗಳು ಬೆಳ್ಳಗೆ ಒಡೆದು ಬಿದ್ದಿದ್ದವು. ಇಪ್ಪತ್ತಾರು ವರ್ಷದಲ್ಲಿ ತಾನೂ ಎಷ್ಟು ಜನರ ಮುಖವನ್ನು ಅವರಿಗೆ ಗೊತ್ತಿಲ್ಲದೆ ಹೀಗೆ ಹತ್ತಿರ ಎಳೆದುಕೊಂಡು ನೋಡಿದ್ದೆನೋ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಕಾಂತಾಬಾಯಿಗೆ ಎಲ್ಲ ಹೇಳಿದ. ಅವಳು ಅಂಗನವಾಡಿ ಟೀಚರು. ದಿನಕ್ಕೆ ನಲವತ್ತು ಮಕ್ಕಳ ಗಲಾಟೆ ಕೇಳಿ ಬಂದವಳು, ಮಾತು ಕಡಿಮೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು.

"ನಾಳಿ ಹೋಗ್ರಿ. ಬಂದ್ರ ಕರ್ಕೊಂಡ ಬರ್ರಿ. ಬರ್ಲಿಲ್ಲಂದ್ರ ಜಗ್ಗಾಡಬ್ಯಾಡ್ರಿ."

"ಹ್ಯಾಂಗ ಬಿಟ್ಟ ಬರ್ಲಿ?"

"ಸುಳ್ಳ ಹೇಳ್ಯಾರಂದ್ರ ಅವರಿಗೂ ಏನರೆ ಇರಬೇಕಲ್ಲ," ಎಂದಳು.

ಮರುದಿನ ಮುಂಜಾನೆ ಎಂಟಕ್ಕೆಲ್ಲ ಮಚ್ಛೇಂದ್ರ ಬಯಲಿನಲ್ಲಿದ್ದ. ಟ್ಯಾಂಕರ್ ಬಂದದ್ದು ಹತ್ತೂವರೆಗೆ. ಅಕ್ಕ ಬಂದಳು, ಒಬ್ಬಳೇ ಅಲ್ಲ. ಹಿಂದೆ ಒಬ್ಬ ಗಡ್ಡದ ಮುದುಕ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ, ಗಾಡಿಯ ತುಂಬ ಕೊಡ. ತಮ್ಮನನ್ನು ಕಂಡು ಅವಳು ನಿಂತಳು. ಮುಖದಲ್ಲಿ ಗಾಬರಿಯಾಗಲಿ ನಾಚಿಕೆಯಾಗಲಿ ಬರಲಿಲ್ಲ. ಇನ್ನೊಂದು ಕೆಲಸ ಬಿತ್ತು ಎಂಬಂಥ ದಣಿವು ಬಂತು.

"ಬಂದೇನು? ಹಾಂಗಾದ್ರ ಆ ಕೊಡ ಹಿಡಿ."

ಮಚ್ಛೇಂದ್ರ ಹಿಡಿದ. ಇಬ್ಬರೂ ಕೂಡಿ ಹದಿನೆಂಟು ಕೊಡ ತುಂಬಿದರು. ಮುದುಕ ಅಬ್ದುಲ ಗಫೂರ, ಅಲ್ಲೇ ಹಿಂದಿನ ಗಲ್ಲಿಯ ಹಾಸ್ಟೆಲಿನ ವಾಚ್‌ಮನ್. ಹಾಸ್ಟೆಲ್ ಎಂದರೆ ಒಂದು ಹಳೇ ಗೋದಾಮು. ಗುಳೆ ಹೋದ ತಂದೆತಾಯಿಗಳು ಪರೀಕ್ಷೆ ಮುಗಿಯಲೆಂದು ಬಿಟ್ಟು ಹೋದ ಮಕ್ಕಳನ್ನು ಅಲ್ಲಿ ಇಟ್ಟುಕೊಂಡಿದ್ದರು. ಪರೀಕ್ಷೆ ಮುಗಿದಿತ್ತು, ಕರೆದೊಯ್ಯುವವರು ಇನ್ನೂ ಬಂದಿರಲಿಲ್ಲ. ಮೂವತ್ತೈದು ಮಕ್ಕಳು, ಬಹಳಷ್ಟು ಔರಾದ ಕಡೆಯವು. ಕೌಸಲ್ಯಾಬಾಯಿ ಅಲ್ಲಿ ಅಡುಗೆಯವಳು.

ಕೊಡಗಳನ್ನು ಡ್ರಮ್ಮಿಗೆ ಸುರಿದು, ಹೆಗಲು ಹಿಡಿದುಕೊಂಡು ಮಚ್ಛೇಂದ್ರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಅಕ್ಕ ಒಲೆಯ ಮುಂದೆ ಕೂತು ಬೇಳೆ ಆರಿಸುತ್ತ ಕೇಳಿದಳು.

"ಯಾರ ಹೇಳಿದ್ರು ನಿನಗ? ಮಾಣಿಕ ಹೇಳಿದ್ನೇನು?"

"ಯಾರೂ ಹೇಳ್ಲಿಲ್ಲ. ಅಂದ್ರ ಮಾಣಿಕಗ ಗೊತ್ತದ?"

"ಅವನಿಗೆ ಗೊತ್ತಿರಲಾರ್ದ ಹ್ಯಾಂಗ ಬರ್ತೇನಿ? ಬಸ್ಸಿಗೆ ಅವನ ಹತ್ತಿಸ್ಯಾನ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ದೆ. ಒಂದ ಖೋಲಿ ತಮ್ಮಾ. ಅವ, ಅವನ ಹೆಂಡ್ತಿ, ಎರಡ ಹುಡುಗರು. ನಾ ಮಲಗಿದ್ರ ಅವರು ಎದ್ದು ಕೂಡಬೇಕು. ಇಪ್ಪತ್ತ ದಿನ ಇದ್ದೆ."

"ಮತ್ತ ಭಾಲ್ಕಿಗೆ ಬರಬೇಕಿತ್ತಲ್ಲ? ನಾ ಸತ್ತಿದ್ದೆನೇನು?"

"ಅದಕ್ಕ ಹೇಳ್ಲಿಲ್ಲ," ಎಂದಳು ಕೌಸಲ್ಯಾಬಾಯಿ. "ಹೇಳಿದ್ರ ನೀ ಬರ್ತಿದ್ದಿ. ಬಂದು ಕರ್ಕೊಂಡ ಹೋಗ್ತಿದ್ದಿ. ನಿನ್ನ ಹೆಂಡ್ತಿ ಚೊಲೋ ಹೆಣ್ಮಗಳು, ಕುಂದ್ರು ಅಂತಾಳ. ನನಗ ಕುಂದ್ರಾಕ ಬರಂಗಿಲ್ಲ. ಎದ್ದು ಒಲಿ ಮುಂದ ಹೋಗ್ತೇನಿ. ಎರಡ ದಿನಕ್ಕ ಅದು ನಂದ ಕೆಲಸ ಆಗ್ತದ. ಅಪ್ಪನ ಮನ್ಯಾಗ ಹಂಗ, ಗಂಡನ ಮನ್ಯಾಗ ಹಂಗ, ಮಗನ ಮನ್ಯಾಗ ಹಂಗ. ಸಾಕಾಗ್ಯದ ನನಗ."

"ಇಲ್ಲಿ ಮಾಡೋದೂ ಅದ ಕೆಲಸ ಅಲ್ಲೇನು ಅಕ್ಕಾ?"

"ಅದ ಕೆಲಸ. ಆದ್ರ ಇಲ್ಲಿ ಪಗಾರ ಕೊಡ್ತಾರ. ಅರವತ್ತೆರಡ ವರ್ಷಕ್ಕ ಮೊದಲ್ನೇ ಸಲ ನನ್ನ ಹೆಸರಿಲೆ ರಜಿಸ್ಟರದಾಗ ಸಹಿ ಮಾಡೀನಿ. ಗಫೂರ ಸಾಬ ಅದಾನ, ಮಕ್ಕಳದಾವ. ಐತವಾರ ಮಧ್ಯಾಹ್ನ ಯಾರೂ ಕರೆಯಂಗಿಲ್ಲ, ಮಲಗ್ತೇನಿ." ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಎಸೆದು, "ಸುಳ್ಳ ಹೇಳಿದ್ದು ತಪ್ಪ. ಅದಕ್ಕ ನೀ ಏನ ಅಂದ್ರೂ ಅನ್ನು," ಎಂದಳು.

ಅವಳೇ ಮತ್ತೆ ಕೇಳಿದಳು: "ಯಾರೂ ಹೇಳ್ಲಿಲ್ಲಂದ್ರ ಹ್ಯಾಂಗ ಬಂದಿ?"

"ಫೋಟೋದಾಗ ಕಂಡಿ. ನಿನ್ನಿ. ಆ ಮಾಳಗಿ ಮ್ಯಾಲಿಂದ ಲೆನ್ಸ್ ನೋಡ್ಲತ್ತಿದ್ವಿ."

ಬೇಳೆ ಆರಿಸುವ ಕೈ ನಿಂತಿತು. "ಆ ಮಾಳಗಿ ಮ್ಯಾಲಿಂದ? ಅಲ್ಲಿಂದ ನನ್ನ ಮಾರಿ ಕಾಣ್ತದೇನು?"

"ಕಾಣ್ತದ."

"ಎಷ್ಟು?"

ಮಚ್ಛೇಂದ್ರ ಫೋನು ತೆಗೆದ. ತೋರಿಸಬಾರದಾಗಿತ್ತು, ಆದರೆ ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲ. ಕೌಸಲ್ಯಾಬಾಯಿ ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ನಾ ಇಷ್ಟ ಮುದುಕಿ ಆಗೀನೇನು," ಎಂದಳು. ಆಮೇಲೆ ಕೆಳಗಿನ ಸಾಲು ತೋರಿಸಿ, "ಇದೇನು ಬರದಾರ?" ಅವಳಿಗೆ ಓದಲು ಬರುತ್ತಿತ್ತು, ಕಣ್ಣು ಸಾಲುತ್ತಿರಲಿಲ್ಲ.

"ಯಾವ ಲೆನ್ಸ್ ಚೊಲೋ ಅಂತ ಕೇಳ್ಯಾರ."

"ಎಷ್ಟ ಮಂದಿಗೆ?"

"ಅರವತ್ತು."

ಅವಳು ಫೋನನ್ನು ಅವನ ಮಡಿಲಿಗೆ ಹಾಕಿದಳು. ದನಿ ಏರಲಿಲ್ಲ. "ಸೆರಗು ಜಾರಿತ್ತು ತಮ್ಮಾ. ಕೊಡ ಹಿಡಿದು ಎರಡ ತಾಸ ನಿಂತಿದ್ದೆ. ಅಂಥಾ ಹೊತ್ತಿನಾಗ ಯಾರರೆ ನೋಡ್ಲತ್ತಾರ ಅಂತ ಗೊತ್ತಿದ್ದರ ಮಾರಿ ಹೊಳ್ಳಿಸ್ತಿದ್ದೆ. ಒಂದ ಮಾತ ಕೇಳಬೇಕಿಲ್ಲೇನು?"

"ನೀನಂತ ಗೊತ್ತಿರಲಿಲ್ಲ ಅಕ್ಕಾ."

"ನಾ ಅಲ್ಲಾಂದ್ರ ನಡೀತಿತ್ತೇನು?"

ಒಳಗೆ ಮಕ್ಕಳು ಯಾವುದೋ ಆಟಕ್ಕೆ ಕೂಗಿಕೊಳ್ಳುತ್ತಿದ್ದವು. ಅವಳು ಮತ್ತೆ ಬೇಳೆಗೆ ಕೈ ಹಾಕುತ್ತ, "ಅಳಸು," ಎಂದಳು.

ಅಳಿಸುವುದು ಸುಲಭವಿರಲಿಲ್ಲ. ಆ ದಿನಗಳಲ್ಲಿ ಒಮ್ಮೆ ಕಳಿಸಿದ್ದನ್ನು ಎಲ್ಲರ ಫೋನಿನಿಂದ ವಾಪಸು ತೆಗೆಯಲು ಬರುತ್ತಿರಲಿಲ್ಲ. ಮಚ್ಛೇಂದ್ರ ಹೊಸ್ತಿಲ ಮೇಲೆ ಕೂತೇ, ಒಂದೊಂದೇ ಅಕ್ಷರ ಒತ್ತಿ ಗುಂಪಿಗೆ ಬರೆದ: 'ಆ ಫೋಟೋದಲ್ಲಿ ಇರುವವರು ನನ್ನ ಅಕ್ಕ, ಕೌಸಲ್ಯಾಬಾಯಿ. ಅವರನ್ನು ಕೇಳದೆ ತೆಗೆದದ್ದು ನನ್ನ ತಪ್ಪು. ದಯವಿಟ್ಟು ಎಲ್ಲರೂ ಅಳಿಸಿ.'

ಗುಂಪು ಅರ್ಧ ತಾಸು ಸುಮ್ಮನಾಯಿತು. ಆಮೇಲೆ ಒಬ್ಬೊಬ್ಬರೇ, 'ಅಳಿಸಿದೆ', 'ಅಳಿಸಿದೆ ಅಣ್ಣಾ', 'ಕ್ಷಮಿಸ್ರಿ'. ಅಜ್ಜಿಗೆ ಕಳಿಸಬೇಡಿ ಎಂದವನು ಫೋನ್ ಮಾಡಿ ಏನೂ ಹೇಳಲಾರದೆ, ಬಿಸಿಲು ಭಾಳ ಅದ ಎಂದು ಮಾತಾಡಿ ಇಟ್ಟ. ಎಲ್ಲರೂ ಅಳಿಸಿದರೋ ಇಲ್ಲವೋ ಮಚ್ಛೇಂದ್ರನಿಗೆ ಇವತ್ತಿಗೂ ಗೊತ್ತಿಲ್ಲ.

ವಸಂತ ಗಲ್ಲಿ ದಾಟಿ ಓಡಿ ಬಂದ. ಹಾಸ್ಟೆಲಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಅಣ್ಣಾ, ನಿನ್ನಿನ ಯಾಕ ಹೇಳ್ಲಿಲ್ರಿ? ನಾ ಬಾಯಿಗೆ ಬಂದ್ಹಾಂಗ ಸುಕ್ಕು ಎಣಿಸ್ಕೋತ ಕುಂತಿದ್ದೆ," ಎಂದ. ಕೌಸಲ್ಯಾಬಾಯಿಯ ಕಡೆ ತಿರುಗಿ ಕೈ ಮುಗಿದು, "ತಪ್ಪಾಯ್ತರಿ ಅಕ್ಕಾರ," ಎಂದ.

"ಕುಂದ್ರಪಾ," ಎಂದಳು ಅವಳು. "ಚಾ ಮಾಡ್ಲಾ?"

"ಬ್ಯಾಡ್ರಿ."

"ಹಾಂಗಾದ್ರ ಆ ಮೂಲ್ಯಾಗಿನ ಗ್ಯಾಸಿನ ಟಾಕಿ ಇತ್ತ ಸರಸು. ನಮ್ಮ ತಮ್ಮಗ ಹೆಗಲ ನೋವದ."

ವಸಂತ ಸರಿಸಿದ. ಸರಿಸಿ ಅಲ್ಲೇ ನಿಂತ, ಹೋಗಲು ಮನಸ್ಸಾಗದೆ.

ಲೆನ್ಸಿನ ತೀರ್ಮಾನ ಆ ದಿನ ಸಂಜೆ ವಸಂತನ ಸ್ಟುಡಿಯೋದಲ್ಲಿ ಆಯಿತು. ಹೆಚ್ಚು ಮಾತು ಬೇಕಾಗಲಿಲ್ಲ. ಅರವತ್ತರಲ್ಲಿ ಐವತ್ತು ಜನ ಕರಿಯದನ್ನು ಗೆಲ್ಲಿಸಿದ್ದರು. ನೋಟ್‌ಬುಕ್ಕಿನ ಖಾನೆಗಳಲ್ಲೂ ಅದರದೇ ಮೇಲುಗೈ. ಆದರೆ ಮಚ್ಛೇಂದ್ರನೇ, "ಬಿಳಿದು ಇಡೋಣು," ಎಂದ.

"ಮೂಲ್ಯಾಗ ನಿಮ್ದು ಗೆದ್ದದಲ್ರಿ?"

"ಮದುವಿ ಮಂದಿಗೆ ಮೂಲಿ ಏನ ಮಾಡೋದದ ವಸಂತ? ನಡುವ ಕುಂತಾಕಿ ಮೈಬಣ್ಣ ಬರಾಬರ್ ಬಂದ್ರ ಸಾಕು. ಅದು ನಿಮ್ದರಾಗ ಬರ್ತದ. ನಿಮಗ ಎರಡ ಕ್ಯಾಮೆರಾ ಅವ, ನನಗ ಒಂದದ. ಹಿಸಾಬ ಸರಳ ಅದ." ಕರಿ ಲೆನ್ಸಿಗೆ ಮುಚ್ಚಳ ಹಾಕಿ, "ಮತ್ತ ನನಗ ಅದನ್ನ ಹಿಡಿಲಾಕ ಮನಸಾಗವಲ್ದು," ಎಂದ.

ಕರಿ ಲೆನ್ಸನ್ನು ಹಕ್ಕಿಗಳ ಫೋಟೋ ತೆಗೆಯುವ ಹಾವಗೆಪ್ಪ ಎಂಬ ಕಾಲೇಜು ಮೇಷ್ಟ್ರು ತೆಗೆದುಕೊಂಡರು. ಮಚ್ಛೇಂದ್ರ ಇಳಕಲ್ ಸೀರೆಯ ತುಂಡನ್ನೂ ಅದರ ಜೊತೆಗೇ ಕೊಟ್ಟುಬಿಟ್ಟ. ಕಾಶೀರಾಮನ ಆಲ್ಬಮ್ಮನ್ನು ಪೂರ್ತಿ ವಸಂತನ ಚಿತ್ರಗಳಿಂದಲೇ ಕಟ್ಟಿಸಿ, ಐತವಾರ ಪುಣೆಯ ಬಸ್ಸು ಬಿಡುವ ಮೊದಲು ಕಿಟಕಿಯಿಂದ ಕೈಗಿತ್ತ.

ಬಿಳಿ ಲೆನ್ಸಿಗೆ ಕೈ ಕೂಡಲು ಹೊತ್ತು ಹಿಡಿಯಿತು. ಮೇ ತಿಂಗಳಲ್ಲಿ ಒಂದು ಮದುವೆಯಲ್ಲಿ ಹಾರ ಬದಲಾಯಿಸುವ ಹೊತ್ತಿಗೆ ಅವನ ಬೆರಳು ಹಳೆಯ ದಿಕ್ಕಿಗೇ ತಿರುಗಿ, ಮದುಮಕ್ಕಳಿಬ್ಬರೂ ದೂರ ಸರಿದು, ನಡುವೆ ಅಡುಗೆಯವರ ಬೆನ್ನು ಬಂತು. ಪಕ್ಕದಲ್ಲಿ ನಿಂತ ವಸಂತನಿಗೆ ಚಿತ್ರ ಸಿಕ್ಕಿತ್ತು. ಮೊದಲಾಗಿದ್ದರೆ ಮಚ್ಛೇಂದ್ರ ಎಂಟು ದಿನ ಉಣ್ಣುತ್ತಿರಲಿಲ್ಲ. ಈಗ, ಸಿಕ್ಕಿತಲ್ಲ, ಯಾರದಾದರೇನು ಎಂದುಕೊಂಡು ಒಂದು ಲೋಟ ನೀರು ಕುಡಿದ. ಇನ್ನೊಂದು ಬದಲಾವಣೆಯೂ ಆಯಿತು. ಊಟದ ಪಂಕ್ತಿಯಲ್ಲಿ, ಮಂಟಪದ ಹಿಂದೆ, ಬಳಲಿ ಕೂತ ಹೆಂಗಸರ ಕಡೆ ಲೆನ್ಸ್ ತಿರುಗಿಸುವ ಮೊದಲು ಎದ್ದು ಹೋಗಿ, "ತಗೋಬಹುದೇನ್ರಿ?" ಎಂದು ಕೇಳತೊಡಗಿದ. ಕೇಳಿದ ಕೂಡಲೇ ಎಲ್ಲರೂ ಸೆಟೆದು ಕೂರುತ್ತಿದ್ದರು, ಚಿತ್ರ ಕೆಡುತ್ತಿತ್ತು. ವಸಂತ ಗೊಣಗಿದ. ಮಚ್ಛೇಂದ್ರ ಬಿಡಲಿಲ್ಲ.

ಬುಧವಾರಕ್ಕೊಮ್ಮೆ ಬೀದರಿಗೆ ಬಂದು, ಟ್ಯಾಂಕರಿನ ಹೊತ್ತಿಗೆ ಬಯಲಿನಲ್ಲಿ ನಿಂತು, ಎಡ ಹೆಗಲಿನ ಮೇಲೆ ನೀರು ಹೊತ್ತು ಕೊಟ್ಟು ಹೋಗುತ್ತಿದ್ದ. ಭಾಲ್ಕಿಗೆ ಬಾ ಎಂದು ಮತ್ತೆ ಕರೆಯಲಿಲ್ಲ. ಎರಡು ಸಲ ಬಾಯಿಗೆ ಬಂದಿತ್ತು, ಕಾಂತಾಬಾಯಿಯ ಮಾತು ನೆನಪಾಗಿ ನುಂಗಿಕೊಂಡ. ಅಕ್ಕನೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಯಾರೋ ಬಂದು ಕರೆದೊಯ್ಯುತ್ತಿದ್ದರು; ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಹೇಳುತ್ತಿದ್ದಳು.

ಜೂನಿನಲ್ಲಿ ಶಾಲೆ ತೆರೆದು ಗೋದಾಮು ಖಾಲಿಯಾಯಿತು. ಇನ್ನು ಎಲ್ಲಿಗೆ ಹೋಗುತ್ತಾಳೆ ಎಂದು ಮಚ್ಛೇಂದ್ರ ಉಸಿರು ಬಿಗಿ ಹಿಡಿದು ಕಾದ. ಅವಳಾಗಲೇ ಗಫೂರ ಸಾಬನನ್ನು ಮುಂದಿಟ್ಟುಕೊಂಡು ಔರಾದದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಕೆಲಸ ಗೊತ್ತು ಮಾಡಿಕೊಂಡಿದ್ದಳು. ಅಲ್ಲಿಂದ ಚಿಂತಾಕಿ ಹತ್ತಿರ; ಮನೆಯ ಕೀಲಿ ತೆಗೆದು ತಿಂಗಳಿಗೊಮ್ಮೆ ಕಸ ಗುಡಿಸಬಹುದು ಎಂದಳು. ಸೆಪ್ಟೆಂಬರಿನಲ್ಲಿ ಮಳೆ ಬಂತು. ಎರಡು ವರ್ಷದ್ದನ್ನು ಸೇರಿಸಿ ಬಂತು, ನಿಂತ ತೊಗರಿ ಕೊಳೆಯುವಷ್ಟು ಬಂತು. ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ.

ದಸರೆಯ ಹಿಂದಿನ ದಿನ ಕೌಸಲ್ಯಾಬಾಯಿ ಯಾರಿಗೂ ಹೇಳದೆ ಭಾಲ್ಕಿಯ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹೊಸ ಚೀಲ, ಕಾಂತಾಬಾಯಿಗೊಂದು ಸೀರೆ. ಮರುದಿನ, ಧಮ್ಮದೀಕ್ಷೆಯ ದಿನವೆಂದು, ಮೂವರೂ ಬಿಳಿ ಬಟ್ಟೆ ಉಟ್ಟು ಬೌದ್ಧ ವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದರು. ಮನೆಗೆ ಬಂದ ಕೂಡಲೇ ಕೌಸಲ್ಯಾಬಾಯಿಯ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು. ಹೊಸ್ತಿಲ ಹತ್ತಿರ ನಿಂತಳು. ಏನೋ ಯೋಚಿಸಿದಳು. ಹಿಂದಿರುಗಿ ಬಂದು ಕುರ್ಚಿಯ ಮೇಲೆ ಕೂತು,

"ಕಾಂತಾ, ಒಂದ ಕಪ್ಪ ಚಾ ಕೊಡ್ತೀಯೇನವ್ವಾ," ಎಂದಳು.

ಚಹಾ ಮಾಡಿ ತಂದದ್ದು ಮಚ್ಛೇಂದ್ರ. ಸಕ್ಕರೆ ಜಾಸ್ತಿಯಾಗಿತ್ತು. ಅವಳು ಕಪ್ಪಿನಿಂದ ಬಸಿಗೆ ಸುರಿದು ಸುರಿದು, ಆತುರವಿಲ್ಲದೆ ಕುಡಿದಳು. ಮೂರನೆಯ ದಿನ ಮುಂಜಾನೆ ಔರಾದದ ಬಸ್ಸಿಗೆ ಅವಳನ್ನು ಹತ್ತಿಸಿ, ಚೀಲವನ್ನು ಕಾಲ ಬಳಿ ಇಟ್ಟು, ಬಸ್ಸು ಹೊರಡುವ ತನಕ ಮಚ್ಛೇಂದ್ರ ಕಿಟಕಿಯ ಕೆಳಗೆ ನಿಂತಿದ್ದ.